ಅಂಗಡಿಯಲ್ಲಿ ಕಳ್ಳರು ಸಿಕ್ಕಿಬಿದ್ದರೆ ಸಿಬ್ಬಂದಿ ಹಿಡಿದು ನಿಲ್ಲಿಸಬಹುದೇ? ಫಾರ್ವರ್ಡ್‌ಗಳು ಹೇಳುವುದೇನು, ಕಾನೂನು ಹೇಳುವುದೇನು?

ಇಂಥದ್ದೊಂದು ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರುತ್ತದೆ. ಅಂಗಡಿಯ ಸಿಸಿಟಿವಿ ದೃಶ್ಯ. ಯಾರೋ ಏನನ್ನೋ ಬ್ಯಾಗಿಗೆ ಹಾಕಿಕೊಳ್ಳುತ್ತಾರೆ, ಸಿಬ್ಬಂದಿ ಓಡಿಬಂದು ಹಿಡಿಯುತ್ತಾರೆ, ಜನ ಸೇರುತ್ತಾರೆ, ಏಟು ಬೀಳುತ್ತದೆ. ‘ಕಳ್ಳರಿಗೆ ಇದೇ ಸರಿಯಾದ ಪಾಠ, ಎಲ್ಲರಿಗೂ ಕಳಿಸಿ’ ಎಂಬ ಸಾಲೂ ಜೊತೆಗಿರುತ್ತದೆ. ಇದಕ್ಕೆ ತದ್ವಿರುದ್ಧವಾದ ಫಾರ್ವರ್ಡ್ ಕೂಡ ಓಡಾಡುತ್ತದೆ: ‘ಕಳ್ಳನನ್ನು ಮುಟ್ಟಿದರೆ ನಿಮ್ಮ ಮೇಲೇ ಕೇಸು, ಸುಮ್ಮನೆ ಬಿಟ್ಟುಬಿಡಿ.’

ಎರಡೂ ಅರ್ಧ ಸತ್ಯ. ಈ ಎರಡರ ನಡುವೆ ಸಿಕ್ಕಿಕೊಳ್ಳುವವರು ಜಯನಗರದ ಬಟ್ಟೆ ಅಂಗಡಿಯಲ್ಲೋ ಬಿಟಿಎಂ ಲೇಔಟ್‌ನ ಸೂಪರ್‌ಮಾರ್ಕೆಟ್‌ನಲ್ಲೋ ದಿನವಿಡೀ ನಿಂತು ಕೆಲಸ ಮಾಡುವ ಹುಡುಗ ಹುಡುಗಿಯರು. ಹಿಡಿದರೆ ಕಂಪನಿ ನಿಯಮ ಮುರಿದಂತೆ, ಬಿಟ್ಟರೆ ಸ್ಟಾಕ್ ಲೆಕ್ಕ ತಾಳೆಯಾಗುವುದಿಲ್ಲ. ಅವರು ನಿಜಕ್ಕೂ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಒಂದೊಂದಾಗಿ ನೋಡೋಣ.

ಸಂಕ್ಷಿಪ್ತ ಉತ್ತರ ಇಷ್ಟು: ಕಣ್ಣೆದುರೇ ನಡೆದ ಕಳ್ಳತನವನ್ನು ತಡೆಯುವ ಹಕ್ಕು ಕಾನೂನಿನಲ್ಲಿದೆ, ಆದರೆ ಅದು ಬಹಳ ಚಿಕ್ಕದು. ಹೊಡೆಯುವ, ಕೂಡಿಹಾಕುವ, ತಡಕಾಡುವ, ದಂಡ ವಸೂಲಿ ಮಾಡುವ ಹಕ್ಕು ಯಾರಿಗೂ ಇಲ್ಲ. ಸಂಬಳಕ್ಕೆ ದುಡಿಯುವವರಿಗೆ ‘ಕೈ ಹಾಕಬೇಡಿ’ ಎಂಬ ಕಂಪನಿ ನಿಯಮವೇ ಹೆಚ್ಚು ಸುರಕ್ಷಿತ.

ಎರಡು ಸೀರೆ ಅಂಗಡಿ, ಎರಡು ಅಂತ್ಯ

2024ರ ಆಗಸ್ಟ್‌ನಲ್ಲಿ ಜೆ.ಪಿ. ನಗರದ ರೇಷ್ಮೆ ಸೀರೆ ಅಂಗಡಿಯೊಂದಕ್ಕೆ ಗ್ರಾಹಕರಂತೆ ಮಹಿಳೆಯರ ಗುಂಪೊಂದು ಬಂತು. ಕೆಲವರು ಸಿಬ್ಬಂದಿಯ ಗಮನವನ್ನು ಬೇರೆಡೆ ಸೆಳೆದರು, ಉಳಿದವರು ಸೀರೆಗಳನ್ನು ಬಚ್ಚಿಟ್ಟುಕೊಂಡರು. ಅಂಗಡಿಯವರಿಗೆ ಅನುಮಾನ ಬಂದು ಪೊಲೀಸರಿಗೆ ವಿಷಯ ತಲುಪಿತು. ಜೆ.ಪಿ. ನಗರ ಪೊಲೀಸರು ನಾಲ್ವರನ್ನು ಬಂಧಿಸಿ, ಒಟ್ಟು 38 ಸೀರೆಗಳನ್ನು ವಶಪಡಿಸಿಕೊಂಡರು. ಅವುಗಳ ಮೌಲ್ಯ ಸುಮಾರು 17.5 ಲಕ್ಷ ರೂಪಾಯಿ.

ಮರುವರ್ಷ, 2025ರ ಸೆಪ್ಟೆಂಬರ್‌ನಲ್ಲಿ, ಜಯನಗರದಿಂದ ಕೆಲವೇ ಕಿಲೋಮೀಟರ್ ದೂರದ ಅವೆನ್ಯೂ ರಸ್ತೆಯಲ್ಲೂ ಸೀರೆ ಕದ್ದ ಆರೋಪ ಕೇಳಿಬಂತು. ಆದರೆ ಅಲ್ಲಿಂದ ಹೊರಬಂದದ್ದು ಮಹಿಳೆಯೊಬ್ಬರನ್ನು ಹಾಡಹಗಲೇ ರಸ್ತೆಯಲ್ಲಿ ಎಳೆದಾಡಿ ಒದೆಯುವ ವಿಡಿಯೊ. ಕಳ್ಳತನದ ದೂರಿನ ಮೇಲೆ ಮಹಿಳೆಯ ಬಂಧನವಾಗಿತ್ತು. ವಿಡಿಯೊ ಹರಡಿ ಆಕ್ರೋಶ ಎದ್ದ ಮೇಲೆ, ಹಲ್ಲೆಯ ಆರೋಪದಲ್ಲಿ ಅಂಗಡಿಯ ಮಾಲೀಕ ಮತ್ತು ಸಿಬ್ಬಂದಿಯೊಬ್ಬರನ್ನೂ ಪೊಲೀಸರು ಬಂಧಿಸಿದರು.

ಎರಡೂ ಕಡೆ ಹೋದದ್ದು ಸೀರೆ. ಒಂದು ಕಡೆ ಅಂಗಡಿಯವರು ದೂರುದಾರರಾಗಿಯೇ ಉಳಿದರು, ಇನ್ನೊಂದು ಕಡೆ ದೂರುದಾರರೇ ಆರೋಪಿಗಳಾದರು. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದೇ ಮುಂದಿನ ವಿವರ.

ಹೇಳಿಕೆ 1: ಕಳ್ಳತನ ಕಣ್ಣಾರೆ ಕಂಡರೆ ಯಾರು ಬೇಕಾದರೂ ಬಂಧಿಸಬಹುದು

ಭಾಗಶಃ ಸತ್ಯ.

2024ರ ಜುಲೈ 1ರಿಂದ ಸಿಆರ್‌ಪಿಸಿ ಬದಲಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಅದರ 40ನೇ ಸೆಕ್ಷನ್ ಪ್ರಕಾರ, ಪೊಲೀಸರಲ್ಲದ ಸಾಮಾನ್ಯ ವ್ಯಕ್ತಿಯೂ ಇನ್ನೊಬ್ಬರನ್ನು ಬಂಧಿಸಬಹುದು. ಆದರೆ ಮೂರು ಷರತ್ತುಗಳಿವೆ.

ಮೊದಲನೆಯದು, ಅಪರಾಧ ನಿಮ್ಮ ಸಮ್ಮುಖದಲ್ಲೇ ನಡೆದಿರಬೇಕು. ‘ನಿನ್ನೆ ಕ್ಯಾಮೆರಾದಲ್ಲಿ ನೋಡಿದೆ’, ‘ಪಕ್ಕದ ಅಂಗಡಿಯವರು ಹೇಳಿದರು’ ಎಂಬುದು ಸಾಲದು. ಎರಡನೆಯದು, ಆ ಅಪರಾಧ ಸಂಜ್ಞೇಯವೂ ಆಗಿರಬೇಕು, ಜಾಮೀನುರಹಿತವೂ ಆಗಿರಬೇಕು. ಸಂಜ್ಞೇಯ ಎಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧ. ಮೂರನೆಯದು, ಹಿಡಿದವರನ್ನು ವಿನಾಕಾರಣ ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು.

ತೊಡಕು ಇರುವುದು ಎರಡನೇ ಷರತ್ತಿನಲ್ಲಿ. ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಸಾಮಾನ್ಯ ಕಳ್ಳತನದ ಬಗ್ಗೆ ಹೇಳುತ್ತದೆ. ಅದರಡಿ ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದರೆ ಅಪರಾಧ ಅಸಂಜ್ಞೇಯವಾಗುತ್ತದೆ, ಜಾಮೀನಿಗೂ ಅರ್ಹವಾಗುತ್ತದೆ. ಆಗ ಸಾಮಾನ್ಯ ವ್ಯಕ್ತಿ ಬಂಧಿಸುವ ಅಧಿಕಾರವೇ ಹುಟ್ಟುವುದಿಲ್ಲ. ಮೊದಲ ಬಾರಿ ತಪ್ಪು ಮಾಡಿದವರು ವಸ್ತುವನ್ನೋ ಅದರ ಬೆಲೆಯನ್ನೋ ಮರಳಿಸಿದರೆ, ಅಂಥ ಸಣ್ಣ ಕಳ್ಳತನಕ್ಕೆ ಹೊಸ ಕಾನೂನು ಜೈಲಿನ ಬದಲು ಸಮುದಾಯ ಸೇವೆಯ ಶಿಕ್ಷೆ ಹೇಳುತ್ತದೆ.

ಇನ್ನೊಂದು ಕಡೆ, 305ನೇ ಸೆಕ್ಷನ್ ಕೂಡ ಇದೆ. ಮನೆ ಅಥವಾ ಸರಕು ಇಡುವ ಕಟ್ಟಡದೊಳಗಿನ ಕಳ್ಳತನಕ್ಕೆ ಅದು 7 ವರ್ಷದವರೆಗೆ ಶಿಕ್ಷೆ ವಿಧಿಸುತ್ತದೆ, ಮತ್ತು ಆ ಅಪರಾಧ ಜಾಮೀನುರಹಿತ. ಅಂಗಡಿಯಿಂದ 300 ರೂಪಾಯಿಯ ಶಾಂಪೂ ಬಾಟಲಿ ಹೋದರೆ ಯಾವ ಸೆಕ್ಷನ್ ಅನ್ವಯಿಸುತ್ತದೆ ಎಂಬುದನ್ನು ಪೊಲೀಸರು ಮತ್ತು ನ್ಯಾಯಾಲಯ ನಿರ್ಧರಿಸುತ್ತಾರೆ. ಬಿಲ್ಲಿಂಗ್ ಕೌಂಟರ್‌ನಲ್ಲಿ ನಿಂತವರು ಅರೆಕ್ಷಣದಲ್ಲಿ ಅದನ್ನು ತೀರ್ಮಾನಿಸಲು ಸಾಧ್ಯವಿಲ್ಲ. ತಪ್ಪಾದರೆ ‘ಅಕ್ರಮ ತಡೆ’ ಅಥವಾ ‘ಅಕ್ರಮ ಬಂಧನ’ದ ಆರೋಪ ಬರುವುದು ಹಿಡಿದವರ ಮೇಲೆ.

ಹೇಳಿಕೆ 2: ನಮ್ಮ ಮಾಲು ಉಳಿಸಿಕೊಳ್ಳಲು ನಾಲ್ಕು ಬಿಗಿದರೆ ತಪ್ಪಲ್ಲ

ತಪ್ಪು.

ಸ್ವತ್ತನ್ನು ರಕ್ಷಿಸಿಕೊಳ್ಳುವ ಹಕ್ಕು ಇದೆ ಎಂಬುದು ನಿಜ. ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕಿನ ಬಗ್ಗೆಯೇ ಇವೆ. ನಿಮ್ಮದೇ ಸ್ವತ್ತು ಆಗಬೇಕೆಂದಿಲ್ಲ, ಬೇರೆಯವರ ಸ್ವತ್ತನ್ನೂ ಕಳ್ಳತನದಿಂದ ರಕ್ಷಿಸಬಹುದು. ಬಾಗಿಲಲ್ಲಿ ಯಾರೋ ಸೀರೆಯ ಗಂಟು ಎತ್ತಿಕೊಂಡು ಹೊರಟಾಗ ಆ ಗಂಟನ್ನು ಹಿಡಿದೆಳೆದು ಉಳಿಸಿಕೊಂಡರೆ ಅದು ಈ ಹಕ್ಕಿನೊಳಗೇ ಬರುತ್ತದೆ.

ಆದರೆ ಈ ಹಕ್ಕಿಗೆ ಅಳತೆಯೂ ಇದೆ, ಅವಧಿಯೂ ಇದೆ. ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಪೆಟ್ಟು ಮಾಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕೇ ಇಲ್ಲ. ವಸ್ತು ಕೈಗೆ ಮರಳಿದ ಕ್ಷಣ, ಇಲ್ಲವೇ ಕಳ್ಳ ವಸ್ತುವಿನೊಂದಿಗೆ ತಪ್ಪಿಸಿಕೊಂಡು ಹೋದ ಮೇಲೆ ಹಕ್ಕು ಮುಗಿಯುತ್ತದೆ. ನಂತರದ ಒಂದೊಂದು ಏಟೂ ಹಲ್ಲೆಯೇ.

‘ಕದ್ದದ್ದು ಒಪ್ಪಿಕೋ’, ‘ಉಳಿದದ್ದು ಎಲ್ಲಿಟ್ಟಿದ್ದೀಯ ಹೇಳು’ ಎಂದು ಹೊಡೆಯುವುದು ಇನ್ನೂ ದೊಡ್ಡ ಅಪರಾಧ. ತಪ್ಪೊಪ್ಪಿಗೆಗಾಗಿ ಅಥವಾ ವಸ್ತು ವಾಪಸ್ ಪಡೆಯಲಿಕ್ಕಾಗಿ ಗಾಯಗೊಳಿಸಿದರೆ 120ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಜೈಲು. ಸಾಮಾನ್ಯ ಕಳ್ಳತನಕ್ಕೆ ಇರುವ ಗರಿಷ್ಠ ಶಿಕ್ಷೆ, ಮೊದಲ ಬಾರಿಗೆ, 3 ವರ್ಷ. ಅಂದರೆ ಕದ್ದವರಿಗಿಂತ ಹೊಡೆದವರಿಗೆ ಹೆಚ್ಚಿನ ಶಿಕ್ಷೆಯಾಗುವ ಸಾಧ್ಯತೆ ಕಾನೂನಿನಲ್ಲೇ ಇದೆ. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆ ಇಲ್ಲಿ ಎರಡೂ ಕಡೆಗೆ ಅನ್ವಯಿಸುತ್ತದೆ.

ಏಟು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ನೆರೆಯ ಕೇರಳದ ಅಟ್ಟಪ್ಪಾಡಿ ಸಾಕ್ಷಿ. 2018ರ ಫೆಬ್ರವರಿಯಲ್ಲಿ ಅಲ್ಲಿ ಅಂಗಡಿಯಿಂದ ಅಕ್ಕಿ ಮತ್ತಿತರ ದಿನಸಿ ಕದ್ದ ಆರೋಪ ಹೊರಿಸಿ ಆದಿವಾಸಿ ಯುವಕನೊಬ್ಬನನ್ನು ಗುಂಪೊಂದು ಕಟ್ಟಿ ಹೊಡೆಯಿತು. ಆತನ ಜೊತೆ ನಿಂತು ಸೆಲ್ಫಿಯನ್ನೂ ತೆಗೆದುಕೊಂಡರು. ಯುವಕ ಅದೇ ದಿನ ಸತ್ತ. 2023ರ ಏಪ್ರಿಲ್‌ನಲ್ಲಿ ಮನ್ನಾರ್ಕಾಡ್‌ನ ವಿಶೇಷ ನ್ಯಾಯಾಲಯ 14 ಮಂದಿಯನ್ನು ತಪ್ಪಿತಸ್ಥರೆಂದು ಘೋಷಿಸಿತು.

ಹೊಡೆಯದೆ, ಬರೀ ಒತ್ತಿ ಹಿಡಿದರೂ ಅಪಾಯ ತಪ್ಪುವುದಿಲ್ಲ. ಮನುಷ್ಯ ಉಸಿರೆಳೆಯಬೇಕಾದರೆ ಎದೆಗೂಡು ಹಿಗ್ಗಬೇಕು, ವಪೆ ಕೆಳಗಿಳಿಯಬೇಕು. ಬೋರಲಾಗಿ ಮಲಗಿಸಿ ಬೆನ್ನ ಮೇಲೆ ಇಬ್ಬರು ಕೂತರೆ ಎರಡೂ ನಡೆಯುವುದಿಲ್ಲ. ಓಡಿ ದಣಿದ ದೇಹಕ್ಕೆ ಆಗ ಹೆಚ್ಚು ಆಮ್ಲಜನಕ ಬೇಕಿರುತ್ತದೆ, ಸಿಗುವುದು ಕಡಿಮೆ. ಉಸಿರಾಟದ ತೊಂದರೆ, ಹೃದ್ರೋಗ ಅಥವಾ ಬೊಜ್ಜು ಇದ್ದವರಿಗೆ ಕೆಲವೇ ನಿಮಿಷ ಸಾಕು. ಅವರು ಒದ್ದಾಡುವುದು ತಪ್ಪಿಸಿಕೊಳ್ಳಲು ಎಂದು ಹಿಡಿದವರು ಭಾವಿಸುತ್ತಾರೆ, ನಿಜಕ್ಕೂ ಅವರು ಒದ್ದಾಡುತ್ತಿರುವುದು ಉಸಿರಿಗಾಗಿ ಇರಬಹುದು.

ಹೇಳಿಕೆ 3: ಸೆಕ್ಯೂರಿಟಿ ಗಾರ್ಡ್‌ಗೆ ಬ್ಯಾಗ್, ಮೈ ತಡಕುವ ಅಧಿಕಾರ ಇದೆ

ತಪ್ಪು.

ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣಕ್ಕೆ 2005ರ ಕಾಯ್ದೆ ಇದೆ. ಅದು ಗಾರ್ಡ್‌ಗಳಿಗೆ ಪೊಲೀಸ್ ಅಧಿಕಾರ ಕೊಡುವುದಿಲ್ಲ. ಸಮವಸ್ತ್ರ ತೊಟ್ಟರೂ ಕಾನೂನಿನ ಕಣ್ಣಲ್ಲಿ ಅವರು ನಮ್ಮ ನಿಮ್ಮಂಥ ಸಾಮಾನ್ಯ ವ್ಯಕ್ತಿಗಳು. ಸಾಮಾನ್ಯ ವ್ಯಕ್ತಿ ಯಾರನ್ನಾದರೂ ಕಾನೂನುಬದ್ಧವಾಗಿ ಹಿಡಿದರೂ ಶೋಧಿಸುವ ಅಧಿಕಾರ ಇರುವುದು ಹಿಡಿದವರಿಗಲ್ಲ, ಅವರನ್ನು ವಶಕ್ಕೆ ಪಡೆಯುವ ಪೊಲೀಸ್ ಅಧಿಕಾರಿಗೆ. ನಾಗರಿಕ ಸುರಕ್ಷಾ ಸಂಹಿತೆಯ 49ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಮಹಿಳೆಯರನ್ನು ಮಹಿಳೆಯೇ, ಘನತೆಗೆ ಕುಂದಿಲ್ಲದಂತೆ ಶೋಧಿಸಬೇಕು ಎಂದೂ ಅದರಲ್ಲೇ ಇದೆ. ಗಾರ್ಡ್ ಬ್ಯಾಗ್ ತೋರಿಸುವಂತೆ ಕೇಳಬಹುದು. ಗ್ರಾಹಕರು ಒಪ್ಪಿ ತೋರಿಸಿದರೆ ಸರಿ, ಒಪ್ಪದಿದ್ದರೆ ಕಸಿದುಕೊಂಡು ನೋಡುವಂತಿಲ್ಲ.

ಇನ್ನೊಂದು ಮಾತು ಗಮನಿಸಿ. ಮಹಿಳೆಯನ್ನು ಬಂಧಿಸುವಾಗ ಪುರುಷ ಪೊಲೀಸ್ ಅಧಿಕಾರಿಯೂ ಸಾಮಾನ್ಯವಾಗಿ ಆಕೆಯ ಮೈ ಮುಟ್ಟುವಂತಿಲ್ಲ. ಪೊಲೀಸರಿಗೇ ಇಲ್ಲದ ಸಲುಗೆ ಸೇಲ್ಸ್‌ಮನ್‌ಗೆ ಎಲ್ಲಿಂದ ಬರಬೇಕು? ಸೆರಗೆಳೆಯುವುದು, ಬಟ್ಟೆ ಬಿಚ್ಚಿಸುವುದು ಮುಂತಾದವು ಮಹಿಳೆಯರ ಮೇಲಿನ ಅಪರಾಧಗಳ ಸೆಕ್ಷನ್‌ಗಳಿಗೆ ಹೋಗುತ್ತವೆ.

ಹೇಳಿಕೆ 4: ‘ಕದ್ದರೆ ಹತ್ತು ಪಟ್ಟು ದಂಡ’ ಎಂದು ಬೋರ್ಡ್ ಹಾಕಿದರೆ ವಸೂಲಿ ಮಾಡಬಹುದು

ತಪ್ಪು.

ದಂಡ ವಿಧಿಸುವ ಅಧಿಕಾರ ಇರುವುದು ನ್ಯಾಯಾಲಯಕ್ಕೆ. ‘ಹಣ ಕೊಡು, ಇಲ್ಲದಿದ್ದರೆ ನಿನ್ನ ಫೋಟೊ ಗ್ರೂಪ್‌ಗಳಿಗೆ ಹಾಕುತ್ತೇವೆ’ ಎಂದು ಬೆದರಿಸಿ ದುಡ್ಡು ತೆಗೆದುಕೊಂಡರೆ ಅದು ಸುಲಿಗೆಯ ಆರೋಪಕ್ಕೆ ದಾರಿ. ಸುಲಿಗೆಗೆ ಈಗ 7 ವರ್ಷದವರೆಗೆ ಶಿಕ್ಷೆ ಇದೆ.

ಹೇಳಿಕೆ 5: ಬಾಗಿಲಲ್ಲಿ ಬೀಪ್ ಆಯಿತೆಂದರೆ ಕದ್ದಿದ್ದಾರೆ ಎಂದೇ ಅರ್ಥ

ತಪ್ಪು.

ಬಟ್ಟೆಗೆ ಸಿಕ್ಕಿಸುವ ಟ್ಯಾಗ್‌ಗಳಲ್ಲಿ ಹೆಚ್ಚಿನವಕ್ಕೆ ಬ್ಯಾಟರಿ ಇರುವುದಿಲ್ಲ. ಬಾಗಿಲಿನ ಎರಡು ಕಂಬಗಳು ರೇಡಿಯೊ ಸಂಕೇತ ಕಳಿಸುತ್ತಿರುತ್ತವೆ. ಟ್ಯಾಗ್‌ನೊಳಗಿನ ಪುಟ್ಟ ಸುರುಳಿ ಆ ಸಂಕೇತಕ್ಕೆ ಪ್ರತಿಸ್ಪಂದಿಸುತ್ತದೆ, ಕಂಬ ಅದನ್ನು ಗುರುತಿಸಿ ಕೂಗುತ್ತದೆ. ಟ್ಯಾಗ್ ಹತ್ತಿರದಲ್ಲಿದೆ ಎಂಬುದಷ್ಟೇ ಯಂತ್ರಕ್ಕೆ ಗೊತ್ತು. ಬಿಲ್ ಆಗಿದೆಯೋ ಇಲ್ಲವೋ ಅದಕ್ಕೆ ತಿಳಿಯದು. ಕೌಂಟರ್‌ನವರು ಟ್ಯಾಗ್ ತೆಗೆಯಲು ಮರೆತರೂ ಬೀಪ್, ಬೇರೆ ಅಂಗಡಿಯ ಟ್ಯಾಗ್ ಬ್ಯಾಗಿನಲ್ಲಿ ಉಳಿದಿದ್ದರೂ ಬೀಪ್.

ನನಗೂ ಒಮ್ಮೆ ಹೀಗಾಗಿದೆ. ಜೆ.ಪಿ. ನಗರದ ಅಂಗಡಿಯೊಂದರಲ್ಲಿ ಕುರ್ತಾ ಕೊಂಡು ಹೊರಬರುವಾಗ ಗೇಟ್ ಕೂಗಿತು. ಸುತ್ತಲಿನವರೆಲ್ಲ ತಿರುಗಿ ನೋಡಿದ ಆ ಹತ್ತು ಸೆಕೆಂಡ್ ಇನ್ನೂ ನೆನಪಿದೆ. ಗಾರ್ಡ್ ‘ಬಿಲ್ ಇದೆಯಾ ಮೇಡಂ?’ ಎಂದಷ್ಟೇ ಕೇಳಿದರು. ಬಿಲ್ ತೋರಿಸಿದೆ, ಟ್ಯಾಗ್ ತೆಗೆದುಕೊಟ್ಟರು, ಮುಗಿಯಿತು. ಅವರು ನನ್ನ ಕೈ ಹಿಡಿದಿದ್ದರೆ?

ಬಿಲ್ ಮಾಡದೆ ಹೊರಟವರೆಲ್ಲ ಕಳ್ಳರೂ ಅಲ್ಲ. ಕಾನೂನಿನ ಪ್ರಕಾರ ಕಳ್ಳತನವಾಗಬೇಕಾದರೆ ಅಪ್ರಾಮಾಣಿಕ ಉದ್ದೇಶ ಇರಬೇಕು. ಮರೆವಿನ ಕಾಯಿಲೆ ಇರುವ ಹಿರಿಯರು ವಸ್ತು ಹಿಡಿದುಕೊಂಡೇ ಹೊರನಡೆಯಬಹುದು. ಮೆದುಳಿನ ಮುಂಭಾಗವನ್ನು ಬಾಧಿಸುವ ಒಂದು ಬಗೆಯ ಡಿಮೆನ್ಶಿಯಾದಲ್ಲಿ, ಜೀವನವಿಡೀ ಪ್ರಾಮಾಣಿಕರಾಗಿದ್ದವರೂ ಅಂಗಡಿಯ ವಸ್ತು ಎತ್ತಿಕೊಳ್ಳುವುದು ವೈದ್ಯರಿಗೆ ಪರಿಚಿತ ಲಕ್ಷಣ. ಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟ: 7 ವರ್ಷದೊಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ.

ಹೇಳಿಕೆ 6: ‘ಹಿಡಿಯಬೇಡಿ’ ಎನ್ನುವ ಕಂಪನಿ ನಿಯಮ ಬರೀ ಹೇಡಿತನ

ತಪ್ಪು. ಇದರ ಹಿಂದೆ ಲೆಕ್ಕಾಚಾರ ಇದೆ.

ಇಂಥ ನಿಯಮಗಳು ಹೆಚ್ಚು ಚರ್ಚೆಯಾಗಿರುವುದು ಅಮೆರಿಕದಲ್ಲಿ. ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ, ಅನುಮಾನ ಬಂದವರನ್ನು ಸ್ವಲ್ಪ ಹೊತ್ತು ತಡೆದು ವಿಚಾರಿಸಲು ಅಂಗಡಿಯವರಿಗೆ ಪ್ರತ್ಯೇಕ ಕಾನೂನು ರಕ್ಷಣೆ ಇದೆ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನು ಇಲ್ಲ. ಆ ರಕ್ಷಣೆ ಇದ್ದರೂ ಅಲ್ಲಿನ ಹಲವು ದೊಡ್ಡ ಮಳಿಗೆಗಳು ಸಿಬ್ಬಂದಿಗೆ ‘ಬೆನ್ನಟ್ಟಬೇಡಿ’ ಎನ್ನುತ್ತವೆ. 2023ರಲ್ಲಿ ಲುಲುಲೆಮನ್ ಎಂಬ ಬಟ್ಟೆ ಕಂಪನಿ, ಜಾರ್ಜಿಯಾ ರಾಜ್ಯದಲ್ಲಿ ಕಳ್ಳರನ್ನು ಎದುರಿಸಿದ ಇಬ್ಬರು ಉದ್ಯೋಗಿಗಳನ್ನು ಕೆಲಸದಿಂದಲೇ ತೆಗೆಯಿತು. ಇದನ್ನು ಅನೇಕರು ಟೀಕಿಸಿದರು. ಆದರೆ ಅದೇ ವರ್ಷದ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಪ್ಲೆಸಂಟನ್‌ನಲ್ಲಿ, ಹೋಮ್ ಡಿಪೋ ಮಳಿಗೆಯ ಯುವ ಉದ್ಯೋಗಿಯೊಬ್ಬರು ಕಳ್ಳತನ ತಡೆಯಲು ಹೋಗಿ ಗುಂಡೇಟಿಗೆ ಬಲಿಯಾಗಿದ್ದರು.

ನಮ್ಮಲ್ಲಿ ಬಂದೂಕು ಅಪರೂಪ, ಚಾಕು ಬ್ಲೇಡು ಅಪರೂಪವಲ್ಲ. ತಡೆಯಲು ಹೋದಾಗ ಕಳ್ಳ ತಿರುಗಿಬಿದ್ದು ಗಾಯ ಮಾಡಿದರೆ ಕಾನೂನಿನಲ್ಲಿ ಕಳ್ಳತನವೇ ದರೋಡೆಯ ಮಟ್ಟಕ್ಕೆ ಏರುತ್ತದೆ. ಅವನಿಗೆ ಜೀವಾವಧಿ ಶಿಕ್ಷೆ ಅಥವಾ 10 ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ಆದರೆ ಗಾಯ ಉಳಿಯುವುದು ಸಿಬ್ಬಂದಿಯ ಮೈಮೇಲೆ.

ಪರಿಹಾರದ ಮಾತೂ ಸುಲಭವಲ್ಲ. ಕೆಲಸದ ವೇಳೆ ಗಾಯವಾದರೆ ಮಾಲೀಕರು ಪರಿಹಾರ ಕೊಡಬೇಕೆಂದು 1923ರ ನೌಕರರ ಪರಿಹಾರ ಕಾಯ್ದೆಯ ಕಾಲದಿಂದಲೂ ನಿಯಮವಿದೆ. ಜೊತೆಗೆ ಒಂದು ವಿನಾಯಿತಿಯೂ ಇದೆ: ಸುರಕ್ಷತೆಗಾಗಿ ಸ್ಪಷ್ಟವಾಗಿ ಕೊಟ್ಟ ಸೂಚನೆಯನ್ನು ನೌಕರ ಬೇಕೆಂದೇ ಮೀರಿ ಗಾಯಗೊಂಡರೆ, ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯದ ಸಂದರ್ಭ ಬಿಟ್ಟು, ಮಾಲೀಕರು ಹೊಣೆ ನಿರಾಕರಿಸಬಹುದು. ಇಎಸ್‌ಐ ವ್ಯಾಪ್ತಿಯಲ್ಲಿರುವ ನೌಕರರಿಗೆ ನಿಯಮ ಇಷ್ಟು ಬಿಗಿಯಿಲ್ಲ. ಹೀಗಾಗಿ ನಿಮಗೆ ಇಎಸ್‌ಐ ಇದೆಯೇ ಎಂಬುದನ್ನು ಇವತ್ತೇ ಕೇಳಿ ತಿಳಿದುಕೊಳ್ಳಿ.

ಹೇಳಿಕೆ 7: ಮಾಲು ಹೋದರೆ ಸಿಬ್ಬಂದಿಯ ಸಂಬಳದಿಂದ ಹಿಡಿಯಬಹುದು

ಭಾಗಶಃ ಸತ್ಯ, ಆದರೆ ಬಹಳ ಸೀಮಿತ.

ಹೆಚ್ಚಿನವರು ಕಳ್ಳನ ಹಿಂದೆ ಓಡುವುದು ಶೌರ್ಯಕ್ಕಲ್ಲ, ಈ ಭಯಕ್ಕೆ. ಕಾನೂನು ಹೇಳುವುದು ಹೀಗೆ: ವಸ್ತುವನ್ನು ಸ್ಪಷ್ಟವಾಗಿ ನಿಮ್ಮ ವಶಕ್ಕೆ ಒಪ್ಪಿಸಿರಬೇಕು, ಮತ್ತು ನಷ್ಟಕ್ಕೆ ನಿಮ್ಮ ನಿರ್ಲಕ್ಷ್ಯವೇ ನೇರ ಕಾರಣವಾಗಿರಬೇಕು. ಆಗ ಮಾತ್ರ ಕಡಿತ ಮಾಡಬಹುದು, ಅದಕ್ಕೂ ಮೊದಲು ನಿಮ್ಮ ವಿವರಣೆ ಕೇಳಬೇಕು. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಈ ನಿಯಮ ಈಗಿನ ವೇತನ ಸಂಹಿತೆಯಲ್ಲೂ ಮುಂದುವರಿದಿದೆ. ಹತ್ತು ಜನ ಓಡಾಡುವ ಮಳಿಗೆಯಲ್ಲಿ ಯಾರೋ ಅಪರಿಚಿತರು ಕದ್ದದ್ದನ್ನು ಎಲ್ಲ ಸಿಬ್ಬಂದಿಗೂ ಸಮನಾಗಿ ಹಂಚಿ ಸಂಬಳದಿಂದ ಹಿಡಿಯುವುದು ಈ ನಿಯಮಕ್ಕೆ ಹೊಂದುವುದಿಲ್ಲ. ದೂರಿದ್ದರೆ ಕಾರ್ಮಿಕ ಇಲಾಖೆಗೆ ಹೋಗಬಹುದು.

ಮಾಲೀಕರಿಗೂ ಒಂದು ಮಾತು. ‘ಮುಟ್ಟಬೇಡಿ’ ಎಂದು ಗೋಡೆಗೆ ನಿಯಮ ಅಂಟಿಸಿ, ತಿಂಗಳ ಕೊನೆಗೆ ನಷ್ಟವನ್ನು ಸಂಬಳದಿಂದ ಕಳೆದರೆ, ಆ ನಿಯಮ ಇದ್ದೂ ಇಲ್ಲದಂತೆ.

ಹಾಗಾದರೆ ಏನು ಮಾಡಬೇಕು?

- ಅನುಮಾನ ಬಂದರೆ ಹತ್ತಿರ ಹೋಗಿ ಸಹಜವಾಗಿ ಮಾತನಾಡಿಸಿ: ‘ಏನಾದರೂ ಸಹಾಯ ಬೇಕಾ? ಬಾಸ್ಕೆಟ್ ಕೊಡಲಾ?’ ಯಾರೋ ನೋಡುತ್ತಿದ್ದಾರೆ ಎಂದು ತಿಳಿದರೆ ಅನೇಕರು ವಸ್ತುವನ್ನು ಅಲ್ಲೇ ಇಟ್ಟು ಹೋಗುತ್ತಾರೆ.
- ಬಾಗಿಲಲ್ಲಿ ‘ಬಿಲ್ ತೋರಿಸ್ತೀರಾ?’ ಎಂದು ಕೇಳಿ. ‘ಕಳ್ಳ’ ಎಂಬ ಪದ ಬಾಯಿಗೆ ಬಾರದಿರಲಿ.
- ಓಡಿದರೆ ಓಡಲಿ. ಬೆನ್ನಟ್ಟಬೇಡಿ, ರಸ್ತೆಯಲ್ಲಿ ಕೂಗಿ ಜನ ಸೇರಿಸಬೇಡಿ. ಗುಂಪು ಒಮ್ಮೆ ಸೇರಿದರೆ ನಿಮ್ಮ ಮಾತು ಕೇಳುವುದಿಲ್ಲ.
- 112ಕ್ಕೆ ಕರೆ ಮಾಡಿ. ಹೋದ ದಿಕ್ಕು, ಬಟ್ಟೆಯ ಬಣ್ಣ, ವಾಹನದ ನಂಬರ್ ಬರೆದಿಟ್ಟುಕೊಳ್ಳಿ.
- ವ್ಯಾಪ್ತಿಯ ಗೊಂದಲ ಬೇಡ. ಜಯನಗರ ಠಾಣೆಯೋ ತಿಲಕನಗರ ಠಾಣೆಯೋ ಎಂಬ ಅನುಮಾನ ಇದ್ದರೂ, ಸಂಜ್ಞೇಯ ಅಪರಾಧದ ದೂರನ್ನು ಯಾವ ಠಾಣೆಯಾದರೂ ದಾಖಲಿಸಿಕೊಳ್ಳಬೇಕು. ಇದನ್ನೇ ಜೀರೊ ಎಫ್‌ಐಆರ್ ಎನ್ನುವುದು. ಆನ್‌ಲೈನ್‌ನಲ್ಲಿ ದೂರು ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು.
- ಸಿಸಿಟಿವಿ ದೃಶ್ಯವನ್ನು ಅಳಿಸಿಹೋಗುವ ಮೊದಲು ಪ್ರತ್ಯೇಕವಾಗಿ ಉಳಿಸಿ. ಹೆಚ್ಚು ಜನ ಸೇರುವ ಮಳಿಗೆಗಳು ದೃಶ್ಯಗಳನ್ನು 30 ದಿನ ಇಟ್ಟುಕೊಳ್ಳಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ.
- ವ್ಯಕ್ತಿ ತಾನಾಗಿ ನಿಂತರೆ ಕುರ್ಚಿ ಕೊಡಿ, ನೀರು ಕೊಡಿ, ಬಾಗಿಲು ತೆರೆದಿರಲಿ, ಮಹಿಳೆಯಾಗಿದ್ದರೆ ಮಹಿಳಾ ಸಿಬ್ಬಂದಿ ಜೊತೆಗಿರಲಿ. ಕೋಣೆಗೆ ಬೀಗ ಹಾಕಬೇಡಿ.

‘ಹೀಗೆ ಬಿಟ್ಟರೆ ಕಳ್ಳರಿಗೆ ಧೈರ್ಯ ಬರುವುದಿಲ್ಲವೇ?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸ್ವಂತ ಬಂಡವಾಳ ಹಾಕಿ ಸಣ್ಣ ಅಂಗಡಿ ನಡೆಸುವವರಿಗೆ ಒಂದು ರೇಷ್ಮೆ ಸೀರೆ ಹೋದರೂ ಅದು ನಿಜವಾದ ನಷ್ಟ. ಆದರೆ ಜೆ.ಪಿ. ನಗರದ ಪ್ರಕರಣ ನೆನಪಿಸಿಕೊಳ್ಳಿ. ಅಲ್ಲಿ 38 ಸೀರೆಗಳು ಸಿಕ್ಕಿದ್ದು ಪೊಲೀಸ್ ತನಿಖೆಯಿಂದ. ಸಾಕ್ಷ್ಯ ಇದ್ದ ದೂರು ಕಳ್ಳರನ್ನು ಹಿಡಿಯುತ್ತದೆ, ಬೀದಿಯಲ್ಲಿ ಬಿದ್ದ ಒದೆ ಆ ದೂರನ್ನೇ ದುರ್ಬಲಗೊಳಿಸುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ವಿಡಿಯೊದಲ್ಲಿ ಕಾಣುವವರು ಆರೋಪಿಗಳು, ಅಪರಾಧಿಗಳೆಂದು ಇನ್ನೂ ಸಾಬೀತಾಗಿಲ್ಲ. ಅವರಲ್ಲಿ 18 ವರ್ಷದೊಳಗಿನವರು ಇದ್ದರೆ, ಗುರುತು ಬಹಿರಂಗಪಡಿಸುವುದೇ ಬಾಲನ್ಯಾಯ ಕಾಯ್ದೆಯಡಿ ಅಪರಾಧ. 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ನಮ್ಮ ನಗರಕ್ಕೆ ಈ ಪಾಠ ಹೊಸದಲ್ಲ. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಅನುಮಾನಿಸಿ ಗುಂಪು ಹೊಡೆದು ಕೊಂದಿತು. ಆಗ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದ್ದ ಮಕ್ಕಳ ಕಳ್ಳರ ಸಂದೇಶಗಳು ಸುಳ್ಳಾಗಿದ್ದವು. ಅವನ್ನು ಕಳಿಸಿದವರಲ್ಲಿ ಹೆಚ್ಚಿನವರು ‘ಜನರಿಗೆ ಎಚ್ಚರಿಕೆ ಕೊಡೋಣ’ ಎಂದುಕೊಂಡೇ ಕಳಿಸಿದ್ದರು.

ಮುಂದಿನ ಸಲ ‘ಕಳ್ಳರಿಗೆ ತಕ್ಕ ಪಾಠ’ ಎಂಬ ವಿಡಿಯೊ ಬಂದರೆ ಅದನ್ನು ಅಲ್ಲಿಗೇ ನಿಲ್ಲಿಸಿ. ಅಂಗಡಿಯಲ್ಲಿ ಕೆಲಸ ಮಾಡುವವರು ನಿಮ್ಮ ಮನೆಯಲ್ಲೋ ಗೆಳೆಯರಲ್ಲೋ ಇದ್ದರೆ, ಮೇಲಿನ ಪಟ್ಟಿಯನ್ನು ಅವರಿಗೆ ಕಳಿಸಿ. ಕಳೆದ ಮಾಲಿಗೆ ವಿಮೆ ಇರಬಹುದು, ದೂರು ಕೊಟ್ಟರೆ ಅದು ವಾಪಸ್ಸೂ ಬರಬಹುದು. ಕೌಂಟರ್‌ನಲ್ಲಿ ನಿಂತವರು ಮಾತ್ರ ಸಂಜೆ ಕ್ಷೇಮವಾಗಿ ಮನೆಗೆ ಬರಬೇಕು.